ಹತ್ತೊಂಬತ್ತು ಹಲಗೆ, ಎರಡು ಬದಿ

ಜುಲೈ ತಿಂಗಳ ಎರಡನೇ ಭಾನುವಾರ. ಮನೆಯಲ್ಲಿ ಕಟ್ಟುತ್ತಿರುವ ಮಾದರಿ ದೋಣಿಯನ್ನು ಕೈಯಲ್ಲಿ ಎತ್ತಿ, ಒಂದು ಕಣ್ಣು ಮುಚ್ಚಿ, ಹಿಂಬದಿಯಿಂದ ಮೂತಿಯ ಕಡೆಗೆ ನೋಡಿದೆ. ರೀಪು ನೆಟ್ಟಗಿದೆಯಾ ಅಂತ ಬಡಗಿಗಳು ನೋಡುತ್ತಾರಲ್ಲ, ಹಾಗೆ. ಬೆನ್ನೆಲುಬು ನೆಟ್ಟಗಿರಲಿಲ್ಲ. ಎರಡೂ ತುದಿ ಬಲಕ್ಕೆ ಹೋಗಿ ನಡು ಎಡಕ್ಕೆ ಉಬ್ಬಿತ್ತು. ಸ್ಕೇಲ್ ಇಟ್ಟು ಅಳೆದೆ. 4 ಮಿಲಿಮೀಟರ್. ದೋಣಿ ಇರುವುದೇ 46 ಸೆಂಟಿಮೀಟರ್ ಉದ್ದ. ಪಕ್ಕದಿಂದ ನೋಡಿದರೆ ಚಂದದ ದೋಣಿ, ಮೇಲಿನಿಂದ ನೋಡಿದರೆ ಬಾಳೆಹಣ್ಣು.

ಹಿಂದಿನ ಭಾನುವಾರ ಒಂದೇ ದಿನದಲ್ಲಿ ಬಲಬದಿಗೆ ಏಳು ಹಲಗೆ ಅಂಟಿಸಿದ್ದೆ. ಎಡಬದಿಗೆ ಒಂದೂ ಇಲ್ಲ. ಕೈ ಕೂಡಿ ಬಂದಿತ್ತು, ನಿಲ್ಲಿಸಲು ಮನಸ್ಸಾಗಲಿಲ್ಲ. ಸಂಜೆ ಫೋಟೊ ತೆಗೆದು ಗಂಗೊಳ್ಳಿಯ ಚಿಕ್ಕಪ್ಪನಿಗೆ ಬೇರೆ ಕಳಿಸಿದ್ದೆ.

ಮೊದಲಿನಿಂದ ಹೇಳುತ್ತೇನೆ. ಈ ಕಿಟ್ ನನಗೆ ಸಿಕ್ಕಿದ್ದು ಆಫೀಸಿನ ಒಬ್ಬರಿಂದ. ಅವರು ಊರು ಬಿಡುವಾಗ ಡಬ್ಬಿ ಒಡೆಯದೆ ಅರ್ಧ ಬೆಲೆಗೆ ಕೊಟ್ಟರು. ಹಾಯಿಯ ಮೀನು ದೋಣಿ, ಅಳತೆ 35ಕ್ಕೆ 1, ಅಂದರೆ ನಿಜವಾದದ್ದರ 35ರಲ್ಲಿ ಒಂದು ಪಾಲು. ಡಬ್ಬಿಯಲ್ಲಿ ಒಂದು ಪ್ಲೈವುಡ್ ಕೀಲ್, ಅಂದರೆ ದೋಣಿಯ ಬೆನ್ನೆಲುಬು. ಅದಕ್ಕೆ ಅಡ್ಡಡ್ಡ ಸಿಕ್ಕಿಸುವ ಹನ್ನೊಂದು ಪ್ಲೈ ತುಂಡು, ಅವು ಪಕ್ಕೆಲುಬು. ಮತ್ತೆ ಎರಡು ಕಟ್ಟು ಮರದ ಪಟ್ಟಿ. ಬಿಳಿಯ ಲೈಮ್‌ವುಡ್ ಪಟ್ಟಿ 1.5 ಮಿಲಿಮೀಟರ್ ದಪ್ಪ, 5 ಮಿಲಿಮೀಟರ್ ಅಗಲ. ಇದು ಒಳಪದರಕ್ಕೆ. ಕಂದು ಬಣ್ಣದ ವಾಲ್‌ನಟ್ ಪಟ್ಟಿ ಬರೀ ಅರ್ಧ ಮಿಲಿಮೀಟರ್ ದಪ್ಪ. ಇದು ಮೇಲ್ಪದರಕ್ಕೆ. ನಿಜವಾದ ದೋಣಿಗೆ ಹೀಗೆ ಎರಡು ಪದರ ಇರಬೇಕೆಂದಿಲ್ಲ. ಕಿಟ್‌ನಲ್ಲಿ ಒಳಪದರ ಇರುವುದು ನಮ್ಮಂಥವರ ತಪ್ಪು ಮುಚ್ಚಲು.

ಮುಂಬಯಿ ಪಕ್ಕದ ಡೊಂಬಿವ್ಲಿಯ ನಮ್ಮ ಮನೆಯಲ್ಲಿ ಇದಕ್ಕೆ ಜಾಗ ಅಂದರೆ ಗ್ಯಾಲರಿ, ಅಂದರೆ ಬಾಲ್ಕನಿ. ಮಳೆಗಾಲದಲ್ಲಿ ಅದು ಬಟ್ಟೆ ಒಣಗಿಸುವ ಜಾಗವೂ ಹೌದು. ಅಂಟಿಸಿದ ಹಲಗೆಯನ್ನು ಒಣಗುವ ತನಕ ಒತ್ತಿ ಹಿಡಿಯಲು ನನಗೂ ಕ್ಲಿಪ್ಪೇ ಬೇಕು. ಬಟ್ಟೆ ಕ್ಲಿಪ್‌ಗೆ ನಾನೂ ಹೆಂಡತಿಯೂ ತಿಂಗಳುಗಟ್ಟಲೆ ಜಗಳ ಆಡಿದ್ದೇವೆ. ಕೊನೆಗೆ ಮಸ್ಜಿದ್ ಸ್ಟೇಷನ್ ಹತ್ತಿರ ಇಳಿದು, ನಾಗದೇವಿ ಸ್ಟ್ರೀಟ್‌ಗೆ ಹೋಗಿ ನನ್ನದೇ ಕ್ಲಿಪ್, ಸಣ್ಣ ಅರ, ಬೆರಳುದ್ದದ ರಂಧಾ ತಂದೆ. ಊರಲ್ಲಿ ಉಜ್ಜುಗೊರಡು ಅನ್ನುವುದನ್ನು ಇಲ್ಲಿ ರಂಧಾ ಅಂದರೇ ಅಂಗಡಿಯವರು ಕೊಡುವುದು.

ಪಕ್ಕೆಲುಬು ಸವೆಸುವ ಕೆಲಸವನ್ನು ಮಾತ್ರ ನಾನು ಸರಿಯಾಗಿ ಮಾಡಿದ್ದೆ. ಅದಕ್ಕೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಲೇಸರ್‌ನಲ್ಲಿ ಕತ್ತರಿಸಿದ ಪ್ಲೈ ತುಂಡಿನ ಅಂಚು ಚೌಕಾಕಾರ ಇರುತ್ತದೆ, ಸುಟ್ಟು ಕಪ್ಪಾಗಿರುತ್ತದೆ. ಆದರೆ ಹಲಗೆ ಮೂತಿಯ ಹತ್ತಿರ ಓರೆಯಾಗಿ ತಿರುಗುತ್ತದೆ. ಚೌಕದ ಅಂಚಿನ ಮೇಲೆ ಓರೆ ಹಲಗೆ ಕೂತರೆ ಒಂದು ಗೆರೆಯಷ್ಟೇ ತಾಗುತ್ತದೆ, ಅಂಟು ಹಿಡಿಯುವುದಿಲ್ಲ. ಹಾಗಾಗಿ ಮೂತಿಯ ಕಡೆಯ ಪಕ್ಕೆಲುಬುಗಳಲ್ಲಿ ಮುಂದಿನ ಅಂಚನ್ನು ಸವೆಸಬೇಕು, ಹಿಂಬದಿಯವುಗಳಲ್ಲಿ ಹಿಂದಿನ ಅಂಚನ್ನು. ನಡುವಿನ ಎರಡು ಮೂರನ್ನು ಮುಟ್ಟಲೇಬಾರದು. ಎಷ್ಟು ಸವೆಸಬೇಕು ಅಂತ ಆ ಸುಟ್ಟ ಕಪ್ಪೇ ಹೇಳುತ್ತದೆ. ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದು ಉಳಿದದ್ದೆಲ್ಲ ಬಿಳಿ ಆಯಿತು ಅಂದರೆ ನಿಲ್ಲಿಸಬೇಕು. ಆ ಗೆರೆಯೂ ಹೋಯಿತು ಅಂದರೆ ದೋಣಿಯ ಆಕಾರವೇ ಹೋಯಿತು. ಉದ್ದದ ಒಂದು ಪಟ್ಟಿಯನ್ನು ಮೂತಿಯಿಂದ ಹಿಂದಿನವರೆಗೆ ಸುಮ್ನೆ ಒತ್ತಿ ಹಿಡಿದು ನೋಡಬೇಕು. ಎಲ್ಲಾದರೂ ಬೆಳಕು ಕಂಡರೆ ಅಲ್ಲಿ ತಗ್ಗು. ಪಟ್ಟಿ ಎಲ್ಲಾದರೂ ಮುರಿದ ಹಾಗೆ ತಿರುಗಿದರೆ ಅಲ್ಲಿ ಉಬ್ಬು. ಇದಕ್ಕೇ ನನಗೆ ನಾಲ್ಕು ಭಾನುವಾರ ಹಿಡಿಯಿತು.

ಇಷ್ಟು ತಾಳ್ಮೆ ಇದ್ದವನು ಹಲಗೆ ಹೊಡೆಯುವಾಗ ಯಾಕೆ ಹಾಗೆ ನುಗ್ಗಿದೆನೋ ಗೊತ್ತಿಲ್ಲ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಹುಡುಗನಾಗಿದ್ದಾಗ ಗಂಗೊಳ್ಳಿಯಲ್ಲಿ ದೋಣಿ ಕಟ್ಟುವವರ ಕೈಕೆಳಗೆ ಕೆಲಸ ಮಾಡಿದವರು. ಪಂಚಗಂಗಾವಳಿಯ ದಡದಲ್ಲಿ, ಮಂಜಿಗಳ ಕೊನೆಗಾಲದಲ್ಲಿ. ಮಂಜಿ ಅಂದರೆ ಸರಕು ಸಾಗಿಸುವ ಹಾಯಿ ಹಡಗು. ನಾನು ಕಳಿಸಿದ ಫೋಟೊ ಅವರು ಆಗಲೇ ನೋಡಿದ್ದರು.

"ಒಂದೇ ಬದಿಗ್ ಪೂರಾ ಹೊಡ್ದ್ಯಾ? ಅದ್ ವಾರೆ ಆಗ್ದೆ ಮತ್ತೆಂತ ಆತ್ತ್ ಮಾರಾಯ?"

"ಹಾಗಾದ್ರೆ ಅವತ್ತೇ ಯಾಕೆ ಹೇಳಲಿಲ್ಲ ಚಿಕ್ಕಪ್ಪ?"

"ನೀ ಕೇಣಿಲ್ಲ ಅಲ್ದಾ."

ಬಗ್ಗಿಸಿದ ಹಲಗೆ ಸುಮ್ಮನೆ ಕೂರುವುದಿಲ್ಲ. ಅದಕ್ಕೆ ಮತ್ತೆ ನೆಟ್ಟಗಾಗಬೇಕು. ಅಂಟು ಹಾಕಿ ಕಟ್ಟಿಹಾಕಿದರೂ ಒಳಗೊಳಗೇ ಒತ್ತುತ್ತಲೇ ಇರುತ್ತದೆ. ಒಂದು ಹಲಗೆಗೆ ಕೀಲ್ ಜಗ್ಗುವುದಿಲ್ಲ. ಏಳು ಸೇರಿದರೆ ಜಗ್ಗುತ್ತದೆ. ಬಲಕ್ಕೊಂದು ಹೊಡೆದ ಕೂಡಲೇ ಎಡಕ್ಕೊಂದು ಹೊಡೆದರೆ ಎರಡೂ ಪರಸ್ಪರ ಒತ್ತಿಕೊಂಡು ನಡುವಿನ ಕೀಲ್ ನೆಟ್ಟಗೆ ನಿಲ್ಲುತ್ತದೆ. ನನ್ನದು 4 ಮಿಲಿಮೀಟರ್ ದಪ್ಪದ ಪ್ಲೈ. ಅದು ಇಷ್ಟಾದರೂ ತಡೆದದ್ದೇ ಹೆಚ್ಚು.

ಬಿಚ್ಚಬೇಕಾಯಿತು. ಇಲ್ಲಿ ನನ್ನ ಒಂದು ಜಿಪುಣತನ ಕೈ ಹಿಡಿಯಿತು. ಫೆವಿಕಾಲ್ ಹುಟ್ಟಿದ ಊರಲ್ಲೇ ಇದ್ದೇವೆ, 1959ರಲ್ಲಿ ಶುರುವಾದದ್ದು ಇಲ್ಲೇ. ಅಂಗಡಿಯಲ್ಲಿ ಎರಡು ಡಬ್ಬಿ ಇಟ್ಟು ಯಾವುದು ಬೇಕು ಅಂದರು. ದೋಣಿಗೆ ಅಂದ ಮೇಲೆ ಫೆವಿಕಾಲ್ ಮರೀನ್ ಅಲ್ವಾ? ಆದರೆ ಅದರ ಬೆಲೆ ನೋಡಿ, ಈ ದೋಣಿ ಹೇಗೂ ನೀರಿಗೆ ಇಳಿಯುವುದಿಲ್ಲ ಅಂತ ಮಾಮೂಲಿ ಬಿಳಿ ಫೆವಿಕಾಲ್ ತಂದಿದ್ದೆ. ಮರೀನ್ ನೀರಿಗೆ ಜಗ್ಗದ ಅಂಟು. ಅದನ್ನು ಹಾಕಿದ್ದರೆ ಏಳೂ ಹಲಗೆ ಕೆತ್ತಿ ತೆಗೆಯಬೇಕಿತ್ತು. ಮಾಮೂಲಿ ಅಂಟು ಐಸೊಪ್ರೊಪೈಲ್ ಆಲ್ಕೊಹಾಲಿಗೆ ಮೆತ್ತಗಾಗುತ್ತದೆ. ಮೆಡಿಕಲ್‌ನಿಂದ ಒಂದು ಬಾಟಲಿ ತಂದು, ಹತ್ತಿ ನೆನೆಸಿ, ಪ್ರತಿ ಪಕ್ಕೆಲುಬಿನ ಮೇಲೂ ಇಟ್ಟು ಕಾಲು ಗಂಟೆ ಬಿಟ್ಟೆ. ಆಮೇಲೆ ಕಟ್ಟರಿನ ಬೆನ್ನನ್ನು ಸಂದಿಗೆ ತೂರಿಸಿದರೆ ಅಂಟು ಗಿಣ್ಣಿನ ಹಾಗೆ ಎದ್ದು ಬಂತು. ಐದು ಹಲಗೆ ಇಡಿಯಾಗಿ ಉಳಿದವು. ಎರಡು ಮುರಿದವು. ಮೂತಿಯಲ್ಲಿ ಎರಡು ಕಡೆ ಫೆವಿಕ್ವಿಕ್ ಹಾಕಿದ್ದೆ, ಅದಕ್ಕೆ ಆಲ್ಕೊಹಾಲ್ ನಾಟಲಿಲ್ಲ. ಉಗುರು ಬಣ್ಣ ತೆಗೆಯುವ ಅಸಿಟೋನ್ ಬೇಕಾಯಿತು. ಅದು ಯಾರ ಕಪಾಟಿನಿಂದ ಬಂತು ಅಂತ ಹೇಳಬೇಕಿಲ್ಲ.

ಏಳು ಹಲಗೆ ಎದ್ದ ಮೇಲೆ ಕೀಲ್ ತಾನಾಗಿ ಅರ್ಧ ನೆಟ್ಟಗಾಯಿತು. ಉಳಿದದ್ದಕ್ಕೆ ಎರಡು ಅಲ್ಯೂಮಿನಿಯಂ ಆಂಗಲ್ ತುಂಡನ್ನು ಒಂದು ದಪ್ಪ ಹಲಗೆಗೆ ಸ್ಕ್ರೂ ಹಾಕಿ, ನಡುವೆ ಕೀಲ್ ಬಿಗಿದು ವಾರವಿಡೀ ಬಿಟ್ಟೆ. ಮೂತಿಯ ಮೊದಲ ಮೂರು ಪಕ್ಕೆಲುಬುಗಳ ಸಂದಿಗೆ ಬಾಲ್ಸಾ ಅನ್ನುವ ಹಗುರ ಮರದ ತುಂಡು ತುಂಬಿದೆ. ಮಗನ ಶಾಲೆಯ ಪ್ರಾಜೆಕ್ಟಿನಲ್ಲಿ ಉಳಿದದ್ದು. ಈಗ ಹಲಗೆಗೆ ತಿರುವಿನಲ್ಲಿ ಒರಗಲು ಜಾಗ ಸಿಕ್ಕಿತು, ಬೆನ್ನಿಗೂ ಬಲ ಬಂತು. ಇದನ್ನು ಮೊದಲೇ ಮಾಡಬೇಕಿತ್ತು.

ಆ ವಾರ ಕೈಗೆ ಕೆಲಸ ಇರಲಿಲ್ಲ. ಮುಂಬಯಿ ಬಂದರಿನ ಭಾವುಚಾ ಧಕ್ಕಾಕ್ಕೆ ಹೋದೆ. ಅಲ್ಲಿಂದ ಆಚೆ ದಡದ ಮೋರಾಕ್ಕೆ ಮರದ ಲಾಂಚ್ ಹೋಗುತ್ತದೆ. ಲಾಂಚ್ ಹತ್ತುವ ಮೊದಲು ಮೆಟ್ಟಿಲ ಮೇಲೆ ಕೂತು ಪಕ್ಕದಲ್ಲಿ ನಿಂತಿದ್ದ ಇನ್ನೊಂದರ ಮೂತಿ ನೋಡಿದೆ. ಬಣ್ಣದ ಮೇಲೆ ಬಣ್ಣ ಬಳಿದು ದಪ್ಪ ಆಗಿದ್ದರೂ ಹಲಗೆಯ ಸಂದು ಕಾಣುತ್ತಿತ್ತು. ನಡುವಿನಲ್ಲಿ ಅಂಗೈ ಅಗಲದ ಹಲಗೆ ಮೂತಿಗೆ ಬರುವಾಗ ನಾಲ್ಕು ಬೆರಳಾಗಿ, ಮೂರು ಬೆರಳಾಗಿತ್ತು. ಒಂದು ಹಲಗೆಯಂತೂ ಮೂತಿಯ ತನಕ ಬರಲೇ ಇಲ್ಲ. ನಡುದಾರಿಯಲ್ಲಿ ಪಕ್ಕದ ಹಲಗೆಯೊಳಗೆ ಸೇರಿಹೋಗಿತ್ತು. ನಾನು ಮನೆಯಲ್ಲಿ ಐದು ಮಿಲಿಮೀಟರ್ ಪಟ್ಟಿಯನ್ನು ಹಾಗೇ ಮೂತಿಯ ತನಕ ಎಳೆದಿದ್ದೆ. ಅದಕ್ಕೇ ಕೊನೆಯ ಎರಡು ಹಲಗೆ ಮೂತಿಯಲ್ಲಿ ಒಂದರ ಮೇಲೊಂದು ಏರಿ ಕೂತಿದ್ದವು.

ಇದೇ ಬಂದರಿನ ಡಾಕ್‌ಯಾರ್ಡಿನಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಹಡಗು ಕಟ್ಟುತ್ತಿದ್ದರು. 1817ರಲ್ಲಿ ಇಲ್ಲಿ ನೀರಿಗಿಳಿದ ಟ್ರಿಂಕೊಮಲಿ ಅನ್ನುವ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಲಾಂಚಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ. ಇನ್ನೂರು ವರ್ಷ ದಾಟಿದ ಹಡಗಿನ ಊರಲ್ಲಿ ನನ್ನದು ಏಳು ದಿನಕ್ಕೆ ಸೊಟ್ಟಗಾಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಕಾಗದದ ಸಣ್ಣ ಪಟ್ಟಿ ಕತ್ತರಿಸಿ, ನಡುವಿನ ಪಕ್ಕೆಲುಬಿನ ಮೇಲೆ ಡೆಕ್‌ನಿಂದ ಕೀಲ್ ತನಕ ಸುತ್ತಿ ಗುರುತು ಹಾಕಿದೆ. 95 ಮಿಲಿಮೀಟರ್. ಐದರಿಂದ ಭಾಗಿಸಿದರೆ 19 ಹಲಗೆ. ಮೂತಿಯ ಹತ್ತಿರದ ಪಕ್ಕೆಲುಬಿನಲ್ಲಿ ಅದೇ ಅಳತೆ 62. ಅಲ್ಲೂ 19 ಹಲಗೆ ಕೂರಬೇಕು ಅಂದರೆ ಒಂದೊಂದಕ್ಕೆ 3.3 ಮಿಲಿಮೀಟರ್ ಸಿಗುತ್ತದೆ. ಅಂದರೆ ಪ್ರತಿ ಹಲಗೆಯನ್ನೂ ಮೂತಿಯ ಕಡೆಗೆ 5ರಿಂದ 3.3ಕ್ಕೆ ಕಿರಿದು ಮಾಡಬೇಕು. ಅರ್ಧಕ್ಕಿಂತ ಕಡಿಮೆ ಮಾಡಬಾರದು, ತುದಿ ದುರ್ಬಲ ಆಗುತ್ತದೆ. ನನ್ನದು ಅರ್ಧಕ್ಕೆ ಬರಲಿಲ್ಲ, ಹಾಗಾಗಿ ಲಾಂಚಿನಲ್ಲಿ ಕಂಡ ಹಾಗೆ ಹಲಗೆಯನ್ನು ನಡುದಾರಿಯಲ್ಲಿ ಮುಗಿಸುವ ತಾಪತ್ರಯ ಬರಲಿಲ್ಲ. ಹಿಂಬದಿಯಲ್ಲಿ ಉಲ್ಟಾ. ಅಲ್ಲಿ 104 ಬಂತು. 19 ಹಲಗೆ ಪೂರ್ತಿ ಅಗಲ ಇಟ್ಟರೂ 9 ಮಿಲಿಮೀಟರ್ ಖಾಲಿ ಉಳಿಯುತ್ತದೆ. ಅಲ್ಲಿ ಹಲಗೆಗಳ ನಡುವೆ ಚೂಪು ತುದಿಯ ಬೆಣೆಯಂಥ ಎರಡು ತುಂಡು ಸೇರಿಸಬೇಕು.

ಈ ಲೆಕ್ಕ ಗೊತ್ತಾದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಎರಡು ಪಟ್ಟಿ ಜೋಡಿಸಿ ಹಿಡಿದು, ಪೆನ್ಸಿಲ್ ಗೆರೆ ಎಳೆದು, ರಂಧಾದಲ್ಲಿ ಒಟ್ಟಿಗೇ ಸವೆಸುತ್ತಿದ್ದೆ. ಒಂದು ಬಲಕ್ಕೆ, ಒಂದು ಎಡಕ್ಕೆ. ಒಂದೇ ಅಳತೆ ಬರುತ್ತದೆ.

ಇನ್ನು ಬಗ್ಗಿಸುವುದು. ಮೊದಲ ಸಲ ಪಟ್ಟಿಯನ್ನು ಬಕೆಟ್ ನೀರಲ್ಲಿ ಅರ್ಧ ಗಂಟೆ ನೆನೆಸಿ, ಒದ್ದೆಯಲ್ಲೇ ಅಂಟು ಹಾಕಿ, ಕ್ಲಿಪ್ಪಲ್ಲಿ ಒತ್ತಿದ್ದೆ. ಇದರಲ್ಲಿ ಎರಡು ತಪ್ಪು. ಮರ ಬಗ್ಗಲು ಮುಖ್ಯವಾಗಿ ಬೇಕಾದದ್ದು ಬಿಸಿ. ಮರದ ನಾರುಗಳನ್ನು ಹಿಡಿದಿಟ್ಟ ಲಿಗ್ನಿನ್ ಬಿಸಿಗೆ ಮೆದುವಾಗುತ್ತದೆ, ತಣ್ಣಗಾದಾಗ ಮತ್ತೆ ಗಟ್ಟಿಯಾಗಿ ಹೊಸ ಆಕಾರ ಹಿಡಿಯುತ್ತದೆ. ತಣ್ಣೀರಲ್ಲಿ ನೆನೆಸಿದರೆ ಪಟ್ಟಿ ಸುಲಭವಾಗಿ ಬಾಗುತ್ತದೆ ನಿಜ, ಆದರೆ ಬಿಟ್ಟ ಕೂಡಲೇ ಬಹಳಷ್ಟು ವಾಪಸ್ ಹೋಗುತ್ತದೆ. ಎರಡನೆಯದು, ಒದ್ದೆ ಪಟ್ಟಿ ಅಗಲದಲ್ಲಿ ಉಬ್ಬಿರುತ್ತದೆ. ಆಗ ಒತ್ತೊತ್ತಾಗಿ ಅಂಟಿಸಿದರೆ ಒಣಗಿದಾಗ ಸಂದು ಬಿಡುತ್ತದೆ. ಬಿಚ್ಚಿದ ಹಲಗೆಗಳ ನಡುವೆ ಆಗಲೇ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು ಇತ್ತು.

ಅತ್ತೆ ಆಗ ಕುಂದಾಪುರದಿಂದ ಬಂದಿದ್ದರು. ಬೆಳಿಗ್ಗೆ ಇಡ್ಲಿ ಇಳಿಸಿದ ಪಾತ್ರೆಯಲ್ಲಿ ನೀರು ಇನ್ನೂ ಕುದಿಯುತ್ತಿತ್ತು. ದೊಡ್ಡ ಮರವನ್ನು ಹಬೆಯಲ್ಲಿ ಬಗ್ಗಿಸುವವರು ಒಂದು ಇಂಚು ದಪ್ಪಕ್ಕೆ ಒಂದು ಗಂಟೆ ಅನ್ನುತ್ತಾರೆ. ಆ ಲೆಕ್ಕದಲ್ಲಿ 1.5 ಮಿಲಿಮೀಟರಿಗೆ ನಾಲ್ಕು ನಿಮಿಷವೂ ಬೇಡ. ಪಟ್ಟಿಯ ಮೂತಿಯ ಕಡೆಯ ಒಂದು ಗೇಣನ್ನು ಪಾತ್ರೆಯೊಳಗೆ ಇಳಿಸಿ, ಮುಚ್ಚಳದ ಸಂದಿಗೆ ಒದ್ದೆ ಬಟ್ಟೆ ಸುತ್ತಿ, ಐದು ನಿಮಿಷ ಬಿಟ್ಟೆ. ಅತ್ತೆ ನೋಡುತ್ತಾ ನಿಂತಿದ್ದರು.

"ಇದಕ್ಕೆ ಚಟ್ನಿ ಬೇಡ್ದಾ?" ಅಂದರು.

ಹೊರಗೆ ತೆಗೆದಾಗ ಪಟ್ಟಿ ತೊಗಲಿನ ಬೆಲ್ಟಿನ ಹಾಗಿತ್ತು. ಬಿಸಿ ಆರುವ ಮೊದಲು ಬಗ್ಗಿಸಬೇಕು, ಸಿಗುವುದು ಹತ್ತಿಪ್ಪತ್ತು ಸೆಕೆಂಡು. ಅಡುಗೆಮನೆಯಿಂದ ಗ್ಯಾಲರಿಗೆ ಓಡುವಷ್ಟರಲ್ಲಿ ಅದು ಮುಗಿಯುತ್ತದೆ. ಎರಡು ಪಟ್ಟಿ ಮುರಿದ ಮೇಲೆ ದೋಣಿಯನ್ನೇ ಅಡುಗೆಮನೆ ಕಟ್ಟೆಗೆ ತಂದೆ. ಬಗ್ಗಿಸಿ, ಕ್ಲಿಪ್ ಹಾಕಿ, ಅಂಟಿಲ್ಲದೆ ರಾತ್ರಿಯಿಡೀ ಬಿಡುವುದು. ಮುಂಬಯಿ ಮಳೆಗಾಲದಲ್ಲಿ ರಾತ್ರಿ ಸಾಲದು, ಫ್ಯಾನ್ ಕೆಳಗೆ ಒಂದು ಪೂರ್ತಿ ದಿನ ಬೇಕು. ಮರುದಿನ ಕ್ಲಿಪ್ ತೆಗೆದರೂ ಪಟ್ಟಿ ಅದೇ ಆಕಾರದಲ್ಲಿ ಪಕ್ಕೆಲುಬಿಗೆ ಒರಗಿ ನಿಂತಿತ್ತು. ಒತ್ತುವುದೇ ಬೇಡ. ಆಮೇಲೆ ಅಂಟು. ಹೀಗೆ ಅಂಟಿಸಿದ ಹಲಗೆಗೆ ಕೀಲನ್ನು ಎಳೆಯುವ ಹಟ ಇರುವುದಿಲ್ಲ.

ದಿನಕ್ಕೆ ಒಂದು ಜೋಡಿ. ಕೆಲವು ದಿನ ಅದೂ ಇಲ್ಲ. ಆಫೀಸಿನಿಂದ ಏಳೂವರೆಯ ಫಾಸ್ಟ್ ಲೋಕಲ್‌ನಲ್ಲಿ ನೇತಾಡಿ ಬಂದ ಮೇಲೆ ಕೈ ನಡುಗುತ್ತದೆ, ಅವತ್ತು ಕಟ್ಟರ್ ಮುಟ್ಟುತ್ತಿರಲಿಲ್ಲ. ಆಗಸ್ಟ್ ಪೂರ್ತಿ ಹೀಗೇ ಹೋಯಿತು. ಲೈಮ್‌ವುಡ್ ಸಾಲಲಿಲ್ಲ. ನಮ್ಮ ಗಲ್ಲಿಯ ಬಡಗಿಯೊಬ್ಬರು ಸ್ಟೀಮ್ ಬೀಚ್ ಮರದ ಚೂರೊಂದನ್ನು ಮೆಷಿನ್ನಿನಲ್ಲಿ ಸೀಳಿ ಆರು ಪಟ್ಟಿ ಮಾಡಿಕೊಟ್ಟರು. ಬಣ್ಣ ಸ್ವಲ್ಪ ಕೆಂಪು. ಬಗ್ಗುವುದರಲ್ಲಿ ಕಿಟ್ಟಿನ ಮರಕ್ಕಿಂತ ಒಳ್ಳೆಯದು. ಮೇಲ್ಪದರ ಬಂದರೆ ಬಣ್ಣ ಯಾರಿಗೂ ಕಾಣುವುದಿಲ್ಲ.

ಈ ನಡುವೆ ಮಗ ನನಗೆ ಕೌಂಡಿನ್ಯ ಹಡಗಿನ ವಿಡಿಯೊ ತೋರಿಸಿದ. ಗೋವಾದಲ್ಲಿ ಕಟ್ಟಿ, 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡ ಹಾಯಿ ಹಡಗು ಅದು. ಅಜಂತಾ ಚಿತ್ರದಲ್ಲಿರುವ ಹಡಗಿನ ಮಾದರಿ. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. ಹೊಲಿದ ಹಡಗಿನಲ್ಲಿ ಹಲಗೆ ಮೊದಲು, ಪಕ್ಕೆಲುಬು ಆಮೇಲೆ. ನನ್ನದು ಉಲ್ಟಾ. ಪಕ್ಕೆಲುಬು ಇಲ್ಲದೆ ಬರೀ ಕಣ್ಣಳತೆಯಲ್ಲಿ ಹಲಗೆಗೆ ಆಕಾರ ಕೊಡುವುದು ಹೇಗೆ ಅಂತ ಎರಡು ದಿನ ತಲೆಯಲ್ಲಿ ತಿರುಗುತ್ತಿತ್ತು. ಮಗನ ಪ್ರಶ್ನೆ ಬೇರೆ. "ಅಪ್ಪ, ನೀನೂ ಹೊಲೀಬಹುದಿತ್ತಲ್ವಾ? ಅಜ್ಜಿಗೆ ಹೊಲಿಗೆ ಬರುತ್ತೆ."

ಹಿಂಬದಿಯ ಬೆಣೆಗಳು ನನ್ನನ್ನು ಜಾಸ್ತಿ ಕಾಡಿಸಿದವು. ಬೆಣೆಯ ಚೂಪು ತುದಿಯನ್ನು ಹಾಗೇ ಬಿಡಬಾರದು, ಉಗುರು ತಾಗಿದರೂ ಮುರಿಯುತ್ತದೆ. ತುದಿಯನ್ನು ಒಂದು ಮಿಲಿಮೀಟರ್ ಅಗಲಕ್ಕೆ ಮೊಂಡು ಮಾಡಿ, ಪಕ್ಕದ ಹಲಗೆಯಲ್ಲಿ ಅಷ್ಟೇ ಕಚ್ಚು ಕೆತ್ತಿ ಕೂರಿಸಬೇಕು. ಬಲಬದಿಯಲ್ಲಿ ಎರಡೂ ಸರಿಯಾಗಿ ಕೂತವು. ಎಡಬದಿಯಲ್ಲಿ ಒಂದರ ಕಚ್ಚು ಅರ್ಧ ಮಿಲಿಮೀಟರ್ ಜಾಸ್ತಿ ಕೆತ್ತಿದೆ. ರಾತ್ರಿ ಹನ್ನೊಂದು ಗಂಟೆ. ಮತ್ತೆ ಬಿಚ್ಚುವ ಮನಸ್ಸಿರಲಿಲ್ಲ. ಪಾಲಿಶ್ ಪೇಪರಿನಲ್ಲಿ ಉಜ್ಜಿದ ಮರದ ಹುಡಿಗೆ ಫೆವಿಕಾಲ್ ಕಲಸಿ ತುಂಬಿದೆ.

ಕೊನೆಯ ಹಲಗೆ ಗಣೇಶ ಚೌತಿಯ ಹಿಂದಿನ ರಾತ್ರಿ ಕೂತಿತು. ಆಮೇಲೆ ಉಜ್ಜುವುದು. 80 ನಂಬರಿನ ಪೇಪರನ್ನು ಮರದ ತುಂಡಿಗೆ ಸುತ್ತಿ ಉದ್ದಕ್ಕೆ ಉಜ್ಜಿ, ಆಮೇಲೆ 120, ಆಮೇಲೆ 180. ಬೆರಳಲ್ಲಿ ಪೇಪರ್ ಒತ್ತಿ ಉಜ್ಜಿದರೆ ಹಲಗೆಗಳ ನಡುವೆ ಹಳ್ಳ ಬೀಳುತ್ತದೆ. ಉಬ್ಬು ತಗ್ಗು ಕಣ್ಣಿಗೆ ಕಾಣುವುದಿಲ್ಲ. ಕಣ್ಣು ಮುಚ್ಚಿ ಅಂಗೈ ಸವರಬೇಕು. ಮನೆ ತುಂಬ ಹುಡಿ. ಗಣಪತಿಗೆ ಬಂದವರೊಬ್ಬರು ಸೋಫಾದಿಂದ ಎದ್ದಾಗ ಪ್ಯಾಂಟ್ ಬಿಳಿಯಾಗಿತ್ತು. ಹಬ್ಬದ ದಿನ ಉಜ್ಜಿದ್ದು ನನ್ನದೇ ತಪ್ಪು.

ಈಗ ಮೇಲ್ಪದರ ನಡೆಯುತ್ತಿದೆ. ಅರ್ಧ ಮಿಲಿಮೀಟರ್ ವಾಲ್‌ನಟ್‌ಗೆ ಬಿಳಿ ಫೆವಿಕಾಲ್ ಹಾಕಿದರೆ ಅದರ ನೀರಿಗೆ ಪಟ್ಟಿ ದೋಣಿಯಾಕಾರಕ್ಕೆ ಮಡಚಿಕೊಳ್ಳುತ್ತದೆ. ನನಗೆ ಬೇಕಾದ ದೋಣಿ ಅದಲ್ಲ. ಹಾಗಾಗಿ ಸನ್ಮೈಕಾ ಅಂಟಿಸುವ ಎಸ್‌ಆರ್ 998 ತಂದೆ. ಎರಡೂ ಕಡೆ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ತಾಗಿತು ಅಂದರೆ ತಾಗಿತು, ಸರಿಸಲು ಆಗುವುದಿಲ್ಲ. ವಾಸನೆಗೆ ಕಿಟಕಿ ತೆರೆದೇ ಇರಬೇಕು. ಈವರೆಗೆ ಎರಡೂ ಬದಿಗೆ ನಾಲ್ಕು ನಾಲ್ಕು ಸಾಲು ಆಗಿದೆ. ಕೀಲ್ ಅಳೆದೆ. ಸೊಟ್ಟ ಪೂರ್ತಿ ಹೋಗಿಲ್ಲ, ಅರ್ಧ ಮಿಲಿಮೀಟರ್ ಉಳಿದಿದೆ.

ಮೇಲ್ಪದರ ಶುರು ಮಾಡುವ ಮೊದಲು ಚಿಕ್ಕಪ್ಪನಿಗೆ ಫೋಟೊ ಕಳಿಸಿದ್ದೆ. ಪಕ್ಕದಿಂದ ತೆಗೆದದ್ದು. ಬೆಳಕು ಚೆನ್ನಾಗಿತ್ತು. ಅದು ಬೇಡ, ಹಿಂದಿನಿಂದ ತೆಗೆದು ಕಳಿಸು ಅಂದರು. ಕಳಿಸಿದೆ. ಹತ್ತು ನಿಮಿಷ ಉತ್ತರ ಇಲ್ಲ. ಆಮೇಲೆ ಅದೇ ಫೋಟೊ ವಾಪಸ್ ಬಂತು. ಎಡಬದಿಯ ಹಿಂದಿನ ಮೂಲೆಯಲ್ಲಿ ಬೆರಳಲ್ಲಿ ಎಳೆದ ಒಂದು ಕೆಂಪು ಸುತ್ತು. ಕೆಳಗೆ ಒಂದು ಸಾಲು.

"ಇಲ್ಲ್ ಎಂತ ತುಂಬ್ಸಿದ್ದೆ?"